ಮಗನ ಹಳೆಯ ಕೇಸು ‘ಎಕ್ಸ್‌ಪಂಜ್’ ಆಗಿದೆಯಾ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾವು ಬ್ರಹ್ಮಾವರದ ಕಡೆಯವರು. ಮಗನಿಗೆ ಈಗ 25 ವರ್ಷ. ಪಿಯುಸಿ ಓದುವಾಗ, 17ನೇ ವಯಸ್ಸಿನಲ್ಲಿ, ವಾಲಿಬಾಲ್ ಮ್ಯಾಚಿನ ಹೊತ್ತಿಗೆ ಹುಡುಗರ ಜಗಳವಾಗಿ ಒಬ್ಬನ ತುಟಿ ಒಡೆಯಿತು, ಕೇಸಾಯಿತು. ಬಾಲ ನ್ಯಾಯ ಮಂಡಳಿಯವರು ಬುದ್ಧಿ ಹೇಳಿ ನಮ್ಮ ಜೊತೆ ಮನೆಗೆ ಕಳಿಸಿದರು. ಅದಾಗಿ ಏಳು ವರ್ಷ ದಾಟಿತು. ಈಗ ಅವನಿಗೆ ಕ್ರೂಸ್ ಹಡಗಿನ ಕಿಚನ್‌ನಲ್ಲಿ ಕೆಲಸ ಸಿಗುವ ಹಾಗಿದೆ. ಕಂಪನಿಯ ಫಾರ್ಮಿನಲ್ಲಿ ‘ಎಕ್ಸ್‌ಪಂಜ್ ಆದದ್ದೂ ಸೇರಿ, ನಿಮಗೆ ಯಾವತ್ತಾದರೂ ಶಿಕ್ಷೆ ಆಗಿತ್ತಾ’ ಅಂತ ಕೇಳಿದ್ದಾರೆ. ನಿಘಂಟಿನಲ್ಲಿ ‘ಅಳಿಸಿಹಾಕು’ ಅಂತ ಇದೆ. ನಮ್ಮ ಭಾವ ಹೇಳುತ್ತಾರೆ, ಅದು ಸ್ಪಂಜಿನಿಂದ ಒರೆಸುವ ಪದ, ಒರೆಸಿದ ಮೇಲೆ ಇಲ್ಲ ಅಂತಲೇ ಲೆಕ್ಕ ಅಂತ. ಟಿವಿಯಲ್ಲಿ ಸ್ಪೀಕರ್ ‘ಕಡತದಿಂದ ತೆಗೆದುಹಾಕಿ’ ಅನ್ನುತ್ತಾರಲ್ಲ, ಅದೂ ಇದೇ ಏನು? ಒಬ್ಬ ಏಜೆಂಟ್ 40 ಸಾವಿರ ಕೊಟ್ಟರೆ ಪೊಲೀಸ್ ಕಂಪ್ಯೂಟರಿನಿಂದಲೇ ಅಳಿಸಿಸುತ್ತೇನೆ ಅನ್ನುತ್ತಾನೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ಒಂದು ಪದದ ಅರ್ಥ, ಆದರೆ ಒಳಗಿನ ಭಯ ಬೇರೆ. ಮಗನ ಒಂದು ಸಂಜೆಯ ತಪ್ಪು ಜೀವನಪೂರ್ತಿ ಅವನ ಬೆನ್ನು ಹತ್ತಿಕೊಂಡೇ ಇರುತ್ತದಾ ಅಂತ. ಇಲ್ಲ. ನಿಮ್ಮ ಮಗನ ವಿಷಯದಲ್ಲಿ ಕಾನೂನು ಅವನ ಪರವಾಗಿಯೇ ಇದೆ. ಫಾರ್ಮಿಗೆ ಇನ್ನೂ ಸಹಿ ಹಾಕಿಲ್ಲವಾದರೆ ಒಳ್ಳೆಯದೇ ಆಯಿತು, ನಾಲ್ಕು ದಿನ ತಡೆಯಿರಿ. ಆ ಏಜೆಂಟನಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

ಪದದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗೊಂದಲ ಹುಟ್ಟಿದ್ದೇ ಅಲ್ಲಿ.

ಸ್ಪಂಜಿನ ಕಥೆಯನ್ನು ನಿಮ್ಮ ಭಾವ ಒಬ್ಬರೇ ಹೇಳುವುದಲ್ಲ. ಇಂಗ್ಲಿಷ್ ಮಾತಾಡುವವರ ಕಿವಿಗೂ ಅದು ಹಾಗೇ ಕೇಳಿಸಿದೆ. ಇವತ್ತು ಆ ಪದಕ್ಕೆ ‘ಪೂರ್ತಿ ಒರೆಸುವುದು’ ಎಂಬ ಅರ್ಥ ಬಂದದ್ದಕ್ಕೆ ಸ್ಪಂಜಿನ ನೆರಳೂ ಕಾರಣ ಇರಬೇಕು ಅಂತ ದೊಡ್ಡ ನಿಘಂಟು ಮಾಡಿದವರೇ ಬರೆದಿದ್ದಾರೆ. ಆದರೆ ಹುಟ್ಟಿನಲ್ಲಿ ಎರಡಕ್ಕೂ ಸಂಬಂಧ ಇಲ್ಲ. ಸ್ಪಂಜ್ ಗ್ರೀಕಿನಿಂದ ಬಂದದ್ದು. ಎಕ್ಸ್‌ಪಂಜ್ ಲ್ಯಾಟಿನ್ನಿನದು. ‘ಎಕ್ಸ್’ ಅಂದರೆ ಹೊರಗೆ, ‘ಪುಂಗೆರೆ’ ಅಂದರೆ ಚುಚ್ಚುವುದು. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಬೋರ್ಡಿನಲ್ಲಿರುವುದೂ ಇದೇ ಬೇರಿನ ಪದ. ಪಾಯಿಂಟ್ ಅನ್ನುವುದೂ ಅದರದೇ ಮನೆಯದು. ಚುಚ್ಚಿದ ಕಡೆ ಉಳಿಯುವುದು ಒಂದು ಚುಕ್ಕಿ ಅಲ್ವಾ?

ಆ ಚುಕ್ಕಿಯೇ ಇಲ್ಲಿ ಮುಖ್ಯ. ರೋಮಿನ ಸೈನ್ಯದಲ್ಲಿ ಸೇವೆ ಮುಗಿಸಿದವನ ಹೆಸರನ್ನು ಪಟ್ಟಿಯಿಂದ ಬಿಡುವುದಕ್ಕೆ ಈ ಪದ ಬಳಸುತ್ತಿದ್ದರು. ಅಂದರೆ ಹೆಸರಿಗೆ ಚುಕ್ಕಿ ಹಾಕಿ, ಇವನು ಇನ್ನು ಲೆಕ್ಕಕ್ಕಿಲ್ಲ ಅಂತ ಗುರುತು ಮಾಡುವುದು. ಆಮೇಲೆ ಯುರೋಪಿನಲ್ಲಿ ಚರ್ಮದ ಹಾಳೆಯ ಮೇಲೆ ಕೈಬರಹದ ಪುಸ್ತಕ ನಕಲು ಮಾಡುತ್ತಿದ್ದವರು ತಪ್ಪಿ ಒಂದು ಅಕ್ಷರ ಜಾಸ್ತಿ ಬರೆದರೆ ಅದರ ಕೆಳಗೆ ಸಣ್ಣ ಚುಕ್ಕಿ ಇಡುತ್ತಿದ್ದರು. ಚಾಕುವಿನಿಂದ ಕೆರೆಯುವುದೂ ಇತ್ತು, ಆದರೆ ಕೆರೆದರೆ ಹಾಳೆ ತೆಳ್ಳಗಾಗುತ್ತದೆ, ಅಂದ ಕೆಡುತ್ತದೆ. ಚುಕ್ಕಿ ಇಟ್ಟರೆ ಎಲ್ಲವೂ ಚೊಕ್ಕ. ಅಕ್ಷರ ಅಲ್ಲೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಓದುವವನು ಮಾತ್ರ ಅದನ್ನು ಬಿಟ್ಟು ಮುಂದೆ ಹೋಗಬೇಕು. ಇಂಗ್ಲಿಷಿಗೆ ಈ ಪದ ಬಂದದ್ದು 1600ರ ಆಸುಪಾಸಿನಲ್ಲಿ.

ಇದು ನಮಗೆ ಪರದೇಶದ ಸಂಗತಿ ಅಂತ ನನಗೆ ಅನ್ನಿಸುವುದಿಲ್ಲ. ಕಾರ್ಕಳದ ಹತ್ತಿರ ನಮ್ಮ ಸಂಬಂಧಿಕರ ಮನೆಯ ಅಟ್ಟದಲ್ಲಿ ಓಲೆಗರಿಯ ಒಂದು ಕಟ್ಟು ಇತ್ತು, ತಿಗಳಾರಿ ಎಂಬ ಹಳೆಯ ಲಿಪಿಯದು. ಕಾಲೇಜು ರಜೆಯಲ್ಲಿ ಅಲ್ಲಿನ ಅಜ್ಜ ಅದನ್ನು ಬಿಚ್ಚಿ, ಬಟ್ಟೆಗೆ ಎಣ್ಣೆ ಅದ್ದಿ, ಮಸಿ ಸೇರಿಸಿ ಒಂದೊಂದೇ ಗರಿಗೆ ಸವರುತ್ತಿದ್ದರು. ಬೋಳಾಗಿ ಕಾಣುತ್ತಿದ್ದ ಗರಿಯಲ್ಲಿ ಕಬ್ಬಿಣದ ಮೊನೆಯಿಂದ ಗೀರಿದ ಅಕ್ಷರಗಳು ಕಪ್ಪಗೆ ಎದ್ದು ಬರುತ್ತಿದ್ದವು. ಒಂದು ಗರಿಯಲ್ಲಿ ಎರಡು ಅಕ್ಷರದ ತಲೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿಗಳಿದ್ದವು. ಅದೂ ಅಕ್ಷರದ ಭಾಗವೇ ಅಂದುಕೊಂಡು ನಾನು ಬೆರಳಿಟ್ಟು ಇದೆಂತ ಅಂತ ಕೇಳಿದೆ. ಅಜ್ಜ ಹೇಳಿದರು, ‘ಅದನ್ನು ಓದಲಿಕ್ಕಿಲ್ಲ ಮಗಾ, ಅದು ಬಿಟ್ಟದ್ದು.’ ಗರಿಯಲ್ಲಿ ಗೀರಿದ್ದನ್ನು ಉಜ್ಜಿದರೆ ಹೋಗುವುದಿಲ್ಲ. ಮಸಿ ಸವರಿದರೆ ತಪ್ಪೂ ಸರಿಯೂ ಒಟ್ಟಿಗೇ ಕಪ್ಪಾಗುತ್ತದೆ. ಹಾಗಾಗಿ ‘ಬಿಟ್ಟದ್ದು’ ಅಂತ ಗುರುತು ಹಾಕುವುದೊಂದೇ ದಾರಿ. ವಕಾಲತ್ತಿಗೆ ಬಂದ ಮೇಲೆ ಎಕ್ಸ್‌ಪಂಜ್ ಪದದ ಮೂಲ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಗರಿ.

ಇನ್ನು ಸ್ಪೀಕರ್ ಹೇಳುವ ‘ಕಡತ’. ಅದರ ಕಥೆ ಪೂರಾ ಉಲ್ಟಾ. ಇವತ್ತು ಕಡತ ಅಂದರೆ ಫೈಲು. ಮೊದಲು ಅದು ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ, ಮೊದಲ ಸಂಪುಟ ಬಂದದ್ದು 1810ರಲ್ಲಿ. ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ, ಎರಡು ತುದಿಗೂ ಮರದ ರಟ್ಟು. ಒರೆಸಿ ಮತ್ತೆ ಬರೆಯಬಹುದು ಅಂತಲೂ ಹೇಳಿದ್ದಾನೆ. ಆಗುಂಬೆ ಘಾಟಿ ಹತ್ತಿ ಆಚೆ ಹೋದರೆ ಸಿಗುವ ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಉಂಟು. ಹಾಗಾಗಿ ಲ್ಯಾಟಿನ್ ಪದದ ಹುಟ್ಟಿನಲ್ಲಿ ಒರೆಸುವುದೇ ಇಲ್ಲ, ನಮ್ಮ ಕಡತದಲ್ಲಿ ನಿಜವಾಗಿ ಒರೆಸಬಹುದಿತ್ತು. ಆ ಪದಕ್ಕೆ ಈ ಪದವನ್ನು ಸಾಟಿ ಮಾಡಿಕೊಂಡಿದ್ದೇವೆ. ನಿಮ್ಮಂಥವರಿಗೆ ತಲೆ ತಿರುಗಿದರೆ ಆಶ್ಚರ್ಯ ಇಲ್ಲ.

ತುಳುವಿನಲ್ಲಿ ‘ಮಾಜಾವುನಿ’ ಅಂದರೆ ಉಜ್ಜಿ ಇಲ್ಲದ ಹಾಗೆ ಮಾಡುವುದು. ಕನ್ನಡದ ‘ಅಳಿಸು’ ಕೂಡ ಅಷ್ಟೇ, ಅಳಿದುಹೋಗುವ ಹಾಗೆ ಮಾಡು ಅಂತ. ‘ರದ್ದು’ ಅರಬ್ಬಿಯಿಂದ ಬಂದದ್ದು, ತಿರಸ್ಕರಿಸು ಅಂತ ಅರ್ಥ. ಕಾಗದ ಹಾಗೇ ಇರುತ್ತದೆ, ಅದಕ್ಕೆ ಬೆಲೆ ಇರುವುದಿಲ್ಲ. ನನ್ನನ್ನು ಕೇಳಿದರೆ ಎಕ್ಸ್‌ಪಂಜ್‌ಗೆ ‘ಅಳಿಸು’ ಅನ್ನುವುದಕ್ಕಿಂತ ‘ರದ್ದು’ ಹತ್ತಿರ.

ಯಾಕೆ ಹತ್ತಿರ ಅಂತ ಸದನವನ್ನೇ ನೋಡಿ. ಲೋಕಸಭೆಯ ನಿಯಮ 380ರ ಪ್ರಕಾರ ಮಾನಹಾನಿಯ, ಅಸಭ್ಯವಾದ ಅಥವಾ ಸದನಕ್ಕೆ ತಕ್ಕುದಲ್ಲದ ಮಾತನ್ನು ಸ್ಪೀಕರ್ ತೆಗೆಸಬಹುದು. ಆದರೆ ನಿಯಮ 381 ಏನು ಹೇಳುತ್ತದೆ? ತೆಗೆದ ಜಾಗದಲ್ಲಿ ನಕ್ಷತ್ರದ ಗುರುತು ಹಾಕಬೇಕು, ಅಡಿಯಲ್ಲಿ ‘ಪೀಠದ ಆದೇಶದಂತೆ ತೆಗೆಯಲಾಗಿದೆ’ ಅಂತ ಬರೆಯಬೇಕು. ಮಾತು ಹೋಯಿತು, ಮಾತು ಹೋದ ಜಾಗ ಉಳಿಯಿತು. ಅಮೆರಿಕದಲ್ಲಿ ಇದಕ್ಕಿಂತಲೂ ಸ್ಪಷ್ಟವಾದ ಒಂದು ಘಟನೆ ಇದೆ. 1834ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್, ದೇಶದ ಅಧ್ಯಕ್ಷನಾಗಿದ್ದ ಆಂಡ್ರ್ಯೂ ಜಾಕ್ಸನ್ ಮೇಲೆ ಖಂಡನಾ ನಿರ್ಣಯ ಮಾಡಿತ್ತು. ಮೂರು ವರ್ಷ ಬಿಟ್ಟು, 1837ರ ಜನವರಿ 16ರಂದು, ಬಹುಮತ ಬದಲಾಗಿ ಅದೇ ಸೆನೆಟ್ ಆ ನಿರ್ಣಯವನ್ನು ಎಕ್ಸ್‌ಪಂಜ್ ಮಾಡಿತು. ಹೇಗೆ ಮಾಡಿದರು ಗೊತ್ತಾ? ಹಾಳೆ ಹರಿಯಲಿಲ್ಲ, ಉಜ್ಜಲಿಲ್ಲ. ಕೈಬರಹದ ದಾಖಲೆ ಪುಸ್ತಕ ತಂದು ನಿರ್ಣಯದ ಸುತ್ತ ದಪ್ಪ ಕಪ್ಪು ಗೆರೆ ಎಳೆದು, ‘ಸೆನೆಟ್ ಆದೇಶದಂತೆ ಎಕ್ಸ್‌ಪಂಜ್ ಮಾಡಲಾಗಿದೆ’ ಅಂತ ಬರೆದರು. ಒಳಗಿನ ಅಕ್ಷರ ಓದಲಿಕ್ಕೆ ಸಿಗುತ್ತದೆ. ಓಲೆಗರಿಯ ಚುಕ್ಕಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಈಗ ಕೇಸಿನ ವಿಷಯಕ್ಕೆ ಬರೋಣ. ಮೊದಲು ದೊಡ್ಡವರದು, ಯಾಕೆಂದರೆ ಇದನ್ನು ಓದುವ ಬೇರೆಯವರಿಗೂ ಇದೇ ತಪ್ಪು ಕಲ್ಪನೆ ಇರುತ್ತದೆ. 18 ದಾಟಿದವರ ಕ್ರಿಮಿನಲ್ ದಾಖಲೆಯನ್ನು ಇಷ್ಟು ವರ್ಷವಾದ ಮೇಲೆ ಅಳಿಸಿ ಎನ್ನುವ ಒಂದು ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಬಿ ರಿಪೋರ್ಟ್ (ಕೇಸು ಮುಚ್ಚಲು ಪೊಲೀಸರು ಕೋರ್ಟಿಗೆ ಕೊಡುವ ವರದಿ) ಆಗಲಿ, ರಾಜಿಯಾಗಲಿ, ಖುಲಾಸೆ ಆಗಲಿ, ಹೈಕೋರ್ಟ್ ಎಫ್ಐಆರ್ ರದ್ದು ಮಾಡಲಿ, ಕೇಸು ಮುಗಿಯುತ್ತದೆ, ಆದರೆ ಎಫ್ಐಆರ್ ನಂಬರ್ ಠಾಣೆಯಲ್ಲಿ ಇರುತ್ತದೆ, ಮುಗಿದದ್ದು ಅದರ ಮುಂದೆ ದಾಖಲಾಗುತ್ತದೆ, ಅಷ್ಟೇ. ಜಾಗದ ಇಸಿ ತೆಗೆಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬ್ಯಾಂಕಿಗೆ ಅಡವು ಇಟ್ಟದ್ದೂ ಅದರಲ್ಲಿ ಬರುತ್ತದೆ, ಸಾಲ ತೀರಿಸಿ ಬಿಡುಗಡೆ ಪತ್ರ ಮಾಡಿಸಿದ್ದೂ ಬರುತ್ತದೆ. ಸಾಲ ತೀರಿತು ಅಂತ ಹಳೆಯ ಸಾಲು ಮಾಯವಾಗುವುದಿಲ್ಲ. ಕೋರ್ಟ್‌ನಲ್ಲಿ ನಾವು ಎಕ್ಸ್‌ಪಂಜ್ ಅನ್ನುವುದು ಹೆಚ್ಚಾಗಿ ಇನ್ನೊಂದು ಕಡೆ: ಕೆಳಗಿನ ಕೋರ್ಟಿನ ತೀರ್ಪಿನಲ್ಲಿ ಒಬ್ಬರ ಬಗ್ಗೆ ಬೇಡದ ಕಟು ಮಾತು ಬಂದರೆ ಅದನ್ನು ತೆಗೆಸಲು ಹೈಕೋರ್ಟ್‌ಗೆ ಹೋಗುತ್ತೇವೆ. 2017ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಒಂದು ಆದೇಶ ಆಯಿತು, ಒಬ್ಬ ಹೆಣ್ಣುಮಗಳ ಹೆಸರು ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಹಳೆಯ ಕೇಸಿನ ಜೊತೆ ಬರದ ಹಾಗೆ ನೋಡಿಕೊಳ್ಳಿ ಅಂತ. ಆದರೆ ಆದೇಶದ ದೃಢೀಕೃತ ಪ್ರತಿ ಕೇಳಿದರೆ ಅದರಲ್ಲಿ ಹೆಸರು ಇದ್ದೇ ಇರುತ್ತದೆ ಅಂತಲೂ ಅದೇ ಆದೇಶ ಹೇಳಿತು. ಅಲ್ಲೂ ಚುಕ್ಕಿಯೇ.

ನಿಮ್ಮ ಮಗನ ದಾರಿ ಬೇರೆ, ಯಾಕೆಂದರೆ ಅವನಿಗೆ ಆಗ 17. ಬಾಲ ನ್ಯಾಯ ಕಾಯ್ದೆ 2015ರಲ್ಲಿ ‘ಹೊಸ ಆರಂಭ’ ಎಂಬ ತತ್ವವೇ ಇದೆ, ಮಕ್ಕಳ ಹಳೆಯ ದಾಖಲೆ ವಿಶೇಷ ಸಂದರ್ಭ ಬಿಟ್ಟರೆ ಅಳಿಸಿಹೋಗಬೇಕು ಅಂತ. ಸೆಕ್ಷನ್ 24 ಇನ್ನೂ ಸ್ಪಷ್ಟ. ಮಗುವಾಗಿದ್ದಾಗ ಆದದ್ದರಿಂದ ಮುಂದೆ ಯಾವ ಅನರ್ಹತೆಯೂ ಬರಬಾರದು, ಮತ್ತು ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶ ಮಾಡಲು ಮಂಡಳಿಯೇ ಆದೇಶಿಸಬೇಕು. ಕೇಂದ್ರದ 2016ರ ಮಾದರಿ ನಿಯಮದಲ್ಲಿ ಇಡುವ ಗಡುವು ಗರಿಷ್ಠ 7 ವರ್ಷ. 16 ದಾಟಿದವನು ಘೋರ ಅಪರಾಧ ಮಾಡಿ ದೊಡ್ಡವರಂತೆ ವಿಚಾರಣೆ ಎದುರಿಸಿ ತಪ್ಪಿತಸ್ಥ ಅಂತ ತೀರ್ಮಾನವಾದರೆ ಮಾತ್ರ ಇದಕ್ಕೆ ಹೊರತು. ತುಟಿ ಒಡೆದ ಜಗಳ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಸೆಕ್ಷನ್ 74 ಪ್ರಕಾರ, ಮುಗಿದ ಕೇಸಿನ ವಿವರವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕೂ ಹೇಳುವ ಹಾಗಿಲ್ಲ. ಕೇಂದ್ರದ ಭದ್ರತಾ ಪಡೆಯ ಸಬ್‌ಇನ್‌ಸ್ಪೆಕ್ಟರ್ ಹುದ್ದೆಯ ಒಬ್ಬ ಹುಡುಗನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದೇ ತತ್ವವನ್ನು ಎತ್ತಿ ಹಿಡಿದು ಅವನ ಪರ ತೀರ್ಪು ಕೊಟ್ಟಿದೆ.

ಅಂದರೆ ಕಾನೂನು ಇಲ್ಲಿ ಚುಕ್ಕಿ ಇಟ್ಟು ಸುಮ್ಮನಾಗಲಿಲ್ಲ. ನಿಜವಾಗಿ ಕಡತವನ್ನೇ ಒರೆಸಿ ಅಂದಿತು. ಆದರೆ ಕಾನೂನಿನಲ್ಲಿ ಇದೆ ಅಂತ ತಾನಾಗಿಯೇ ಆಗಿರುತ್ತದೆ ಅಂದುಕೊಳ್ಳಬೇಡಿ. ಹೆಚ್ಚಿನ ಕಡೆ ಯಾರೂ ಅರ್ಜಿ ಹಾಕದೆ ಹಳೆಯ ಕಾಗದ ಕಪಾಟಿನಲ್ಲೇ ಕೂತಿರುವುದನ್ನು ನಾನು ನೋಡಿದ್ದೇನೆ. ನೀವು ಮಂಡಳಿಗೆ ಒಂದು ಅರ್ಜಿ ಕೊಡಬೇಕು: ಆದೇಶದ ದಿನಾಂಕ ಬರೆದು, 7 ವರ್ಷ ಮುಗಿದಿದೆ, ಸೆಕ್ಷನ್ 24ರಂತೆ ಮಂಡಳಿಯಲ್ಲೂ ಠಾಣೆಯಲ್ಲೂ ಇರುವ ದಾಖಲೆ ನಾಶ ಮಾಡಲು ಆದೇಶಿಸಿ, ಆ ಆದೇಶದ ಪ್ರತಿ ನಮಗೂ ಕೊಡಿ ಅಂತ.

ಅದಕ್ಕಿಂತ ಮುಂಚೆ ಮಾಡಬೇಕಾದ ಒಂದು ಕೆಲಸ ಇದೆ, ಇದನ್ನು ದಯವಿಟ್ಟು ಮರೆಯಬೇಡಿ. ಮೂಲ ಆದೇಶದ ದೃಢೀಕೃತ ಪ್ರತಿ ಎರಡು ತೆಗೆಸಿ ಮನೆಯಲ್ಲಿ ಭದ್ರವಾಗಿ ಇಡಿ. ಕೆಲವು ವರ್ಷದ ಹಿಂದೆ ಸುರತ್ಕಲ್ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಅವನದೂ ಇಂಥದ್ದೇ ಸಣ್ಣ ಕೇಸು, ದಾಖಲೆ ನಿಯಮದ ಪ್ರಕಾರ ನಾಶವಾಗಿತ್ತು. ವೀಸಾ ಇಂಟರ್‌ವ್ಯೂನಲ್ಲಿ ಅವನು ನಿಜವನ್ನೇ ಹೇಳಿದ. ಅಧಿಕಾರಿ, ಸರಿ, ಕೋರ್ಟ್ ಕಾಗದ ತೋರಿಸು ಅಂದರು. ಕಾಗದ ಎಲ್ಲೂ ಇಲ್ಲ. ಅದು ಸಣ್ಣ ಕೇಸು, ಬುದ್ಧಿ ಹೇಳಿ ಬಿಟ್ಟದ್ದು ಅಂತ ತೋರಿಸುವುದಕ್ಕೆ ಅವನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕೊನೆಗೆ ನಾಶ ಮಾಡಿದ ಬಗ್ಗೆ ಒಂದು ಪತ್ರ ಪಡೆದು, ಅಫಿಡವಿಟ್ ಹಾಕಿ, ತಿಂಗಳುಗಟ್ಟಲೆ ಓಡಾಡಿದೆವು. ಅಷ್ಟರಲ್ಲಿ ಆ ಸೀಸನ್ನಿನ ಕೆಲಸ ಕೈತಪ್ಪಿತು. ಇದು ನನ್ನ ಮನಸ್ಸಿಗೆ ತುಂಬಾ ನೋವು ಕೊಟ್ಟ ಸಂಗತಿ, ಅದಕ್ಕೇ ಯಾರು ಬಂದರೂ ಮೊದಲು ಪ್ರತಿ ತೆಗೆಸಿ ಅನ್ನುತ್ತೇನೆ. ಸರ್ಕಾರದ ಹತ್ತಿರ ದಾಖಲೆ ಇಲ್ಲದಿರುವುದು ಒಳ್ಳೆಯದು. ನಿಮ್ಮ ಹತ್ತಿರ ಇಲ್ಲದಿರುವುದು ಒಳ್ಳೆಯದಲ್ಲ.

ಫಾರ್ಮಿನಲ್ಲಿ ಏನು ಬರೆಯುವುದು? ಪ್ರಶ್ನೆಯನ್ನು ಅಕ್ಷರ ಅಕ್ಷರ ಓದಬೇಕು. ಅದು ‘ಶಿಕ್ಷೆ’ ಬಗ್ಗೆ ಮಾತ್ರ ಕೇಳಿದ್ದರೆ, ನಮ್ಮ ಕಾನೂನಿನಂತೆ ನಿಮ್ಮ ಮಗನಿಗೆ ಬುದ್ಧಿ ಹೇಳಿ ಕಳಿಸಿದ್ದನ್ನು ದೊಡ್ಡವರಿಗೆ ಆಗುವ ಶಿಕ್ಷೆಯ ಸಾಲಿಗೆ ಸೇರಿಸಲಾಗುವುದಿಲ್ಲ, ‘ಇಲ್ಲ’ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಆದರೆ ‘ಎಕ್ಸ್‌ಪಂಜ್ ಆದದ್ದೂ ಸೇರಿ’ ಎಂಬ ಮಾತು ಅಮೆರಿಕದ ಕಾನೂನಿನ ವಾಸನೆಯದು. ಅಲ್ಲಿ ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಎಕ್ಸ್‌ಪಂಜ್ ಕಾನೂನು ಇದೆ, ಕೆಲವು ಕಡೆ ದಾಖಲೆ ನಾಶ, ಕೆಲವು ಕಡೆ ಮುಚ್ಚಿದ ಲಕೋಟೆ. ಆ ಫಾರ್ಮ್ ಮಾಡಿದವರ ತಲೆಯಲ್ಲಿ ನಮ್ಮ ಬಾಲ ನ್ಯಾಯ ಮಂಡಳಿ ಇರಲಿಕ್ಕಿಲ್ಲ. ಹಾಗಾಗಿ ಕಂಪನಿಗೆ ಇಮೇಲ್ ಹಾಕಿ, ಬಾಲ್ಯದ ಪ್ರಕರಣವೂ ಇದರಲ್ಲಿ ಸೇರುತ್ತದಾ ಅಂತ ಹೆಸರು ವಿವರ ಹೇಳದೆ ಸಾಮಾನ್ಯವಾಗಿ ಕೇಳಿ. ಉತ್ತರ ಬರಹದಲ್ಲಿ ಬಂದರೆ ಅದೇ ನಿಮಗೆ ರಕ್ಷೆ. ಸೇರುತ್ತದೆ ಅಂದರೆ ‘ಹೌದು’ ಬರೆದು ಆದೇಶದ ಪ್ರತಿ, ಅದರ ಇಂಗ್ಲಿಷ್ ಅನುವಾದ, ಸೆಕ್ಷನ್ 24ರ ಬಗ್ಗೆ ವಕೀಲರ ಒಂದು ಪುಟದ ಪತ್ರ ಇಷ್ಟನ್ನು ಲಗತ್ತಿಸಿ. ಇದರಲ್ಲಿ ರಿಸ್ಕ್ ಇಲ್ಲ ಅಂತ ನಾನು ಹೇಳುವುದಿಲ್ಲ. ಕೇಸು ಎಂಬ ಪದ ನೋಡಿಯೇ ಫೈಲು ಬದಿಗೆ ಸರಿಸುವ ಕಂಪನಿಗಳೂ ಇವೆ. ಆದರೆ ಮುಚ್ಚಿಟ್ಟು ಹಡಗು ಹತ್ತಿದ ಮೇಲೆ ಗೊತ್ತಾಗಿ ಅರ್ಧ ದಾರಿಯಲ್ಲಿ ಇಳಿಸುವುದಕ್ಕಿಂತ ಇದು ಮೇಲು.

ನಮ್ಮ ದೇಶದ ಸರ್ಕಾರಿ ನೌಕರಿಗಳ ಬಗ್ಗೆ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಒಂದು ಮಾತು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಫಾರ್ಮಿನ ಪ್ರಶ್ನೆ ಸ್ಪಷ್ಟವಾಗಿರಬೇಕು, ಏನನ್ನು ನಿರ್ದಿಷ್ಟವಾಗಿ ಕೇಳಿದ್ದಾರೋ ಅದನ್ನು ಹೇಳಿದರೆ ಸಾಕು. ಕೇಳದೇ ಇದ್ದದ್ದನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡ, ಕೇಳಿದ್ದನ್ನು ತಿರುಚುವುದೂ ಬೇಡ.

ವೀಸಾ ಇದಕ್ಕಿಂತ ಸೂಕ್ಷ್ಮ. ಹಡಗು ಅಮೆರಿಕದ ಬಂದರಿಗೆ ಹೋಗುವುದಾದರೆ ಮಗ ಅಲ್ಲಿನ ವೀಸಾಕ್ಕೆ ಡಿಎಸ್-160 ಫಾರ್ಮ್ ತುಂಬಬೇಕು. ಅದು ಶಿಕ್ಷೆಯನ್ನಷ್ಟೇ ಕೇಳುವುದಿಲ್ಲ. ಯಾವತ್ತಾದರೂ ಬಂಧನವಾಗಿತ್ತಾ, ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಅಂತ ಕೇಳುತ್ತದೆ. ಸುಳ್ಳು ಹೇಳಿ ವೀಸಾ ಪಡೆಯಲು ನೋಡಿದ್ದು ಅಂತ ತೀರ್ಮಾನವಾದರೆ ಆ ದೇಶದ ಬಾಗಿಲು ಕಾಯಂ ಆಗಿ ಮುಚ್ಚಬಹುದು. ತುಟಿ ಒಡೆದ ಕೇಸು ಅಷ್ಟು ದೊಡ್ಡದಲ್ಲ, ಆ ಸುಳ್ಳು ಅದಕ್ಕಿಂತ ಎಷ್ಟೋ ದೊಡ್ಡದಾಗುತ್ತದೆ. ಅಂದು ಮಗನನ್ನು ಠಾಣೆಗೆ ಕರೆದುಕೊಂಡು ಹೋಗಿದ್ದರಾ, ಅದು ಕಾಗದದಲ್ಲಿ ಹೇಗೆ ಬರೆದಿದೆ ಅಂತ ಪ್ರತಿ ಕೈಗೆ ಬಂದ ಮೇಲೆ ನೋಡಿ ಉತ್ತರ ಬರೆಯಬೇಕು. ಈ ಒಂದು ಫಾರ್ಮನ್ನು ಏಜೆಂಟನ ಕೈಯಲ್ಲಿ ತುಂಬಿಸಬೇಡಿ.

ಆ ಏಜೆಂಟ್ ಹೇಳಿದ್ದಕ್ಕೆ ಬರೋಣ. ದಾಖಲೆ ಒಂದೇ ಕಂಪ್ಯೂಟರಿನಲ್ಲಿ ಇರುವುದಲ್ಲ. ಠಾಣೆಯ ರಿಜಿಸ್ಟರಿನಲ್ಲಿ, ಮಂಡಳಿಯ ಫೈಲಿನಲ್ಲಿ, ಪೊಲೀಸರ ದೇಶವ್ಯಾಪಿ ಜಾಲದಲ್ಲಿ ಇರುತ್ತದೆ. ಒಂದು ಕಡೆ ಯಾರೋ ಕಳ್ಳತನದಿಂದ ತೆಗೆದರೆ ಇನ್ನೊಂದು ಕಡೆ ಉಳಿಯುತ್ತದೆ. ಹಾಗೆ ತೆಗೆಯುವುದೇ ಐಟಿ ಕಾಯ್ದೆಯಲ್ಲಿ ಅಪರಾಧ. ಲಂಚ ಕೊಟ್ಟವರಿಗೂ ಶಿಕ್ಷೆ ಇದೆ, 2018ರ ತಿದ್ದುಪಡಿಯ ಮೇಲೆ ಅದು ಇನ್ನೂ ಬಿಗಿಯಾಗಿದೆ. ಕಾನೂನೇ ಉಚಿತವಾಗಿ ಕೊಡುವುದನ್ನು 40 ಸಾವಿರ ಕೊಟ್ಟು ಅಪರಾಧದ ದಾರಿಯಲ್ಲಿ ಪಡೆಯುವುದು ಯಾಕೆ ಮಾರಾಯ್ರೆ? ಆಗ ಹುಡುಗನಾಗಿದ್ದವನಿಗೆ ಕಾಯ್ದೆ ರಕ್ಷಣೆ ಕೊಟ್ಟಿತು. ಈಗ 25ರಲ್ಲಿ ಇದಕ್ಕೆ ಕೈಹಾಕಿದರೆ ಆ ರಕ್ಷಣೆ ಇಲ್ಲ.

ವಕೀಲರ ಫೀಸು ಕಷ್ಟ ಅನ್ನಿಸಿದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ, ಮಗನ ಕೆಲಸಕ್ಕೆ ಹೇಗೆ ಅರ್ಜಿ ಹಾಕಬೇಕು ಅಂತಲೂ ಅಲ್ಲೇ ಹೇಳುತ್ತಾರೆ. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದುಕೊಂಡು ಹೋಗಿ, ಹುಟ್ಟಿದ ದಿನಾಂಕಕ್ಕೆ ಅದು ಬೇಕಾಗುತ್ತದೆ. ಕೇಸಿನ ನಂಬರ್ ಮರೆತಿದ್ದರೆ ಹೆದರಬೇಡಿ. ಮಗನ ಹೆಸರು, ಠಾಣೆ, ವರ್ಷ ಹೇಳಿದರೆ ಮಂಡಳಿಯ ಕಚೇರಿಯಲ್ಲಿ ರಿಜಿಸ್ಟರ್ ನೋಡಿ ಹುಡುಕಬಹುದು. ಪ್ರತಿ ಕೈಗೆ ಸಿಕ್ಕಿದ ದಿನ ನನಗೊಂದು ಸಾಲು ಬರೆಯಿರಿ, ಫಾರ್ಮಿನ ಉತ್ತರವನ್ನು ಒಟ್ಟಿಗೆ ಕೂತು ಬರೆಯೋಣ.